ಬದಲಿ ಕ್ಯಾಚರ್‌ಗೆ ಏನು ಕೆಲಸ?

ಪ್ರಶ್ನೆ: ಡೇವಿಡ್ ರಾಸ್ ಎಂಬ ಬೇಸ್‌ಬಾಲ್ ಆಟಗಾರ 15 ಸೀಸನ್‌ನಲ್ಲಿ ಆಡಿದ್ದು 883 ಪಂದ್ಯ, ಬ್ಯಾಟಿಂಗ್ ಸರಾಸರಿ .229 ಎಂದು ಓದಿದೆ. ಬದಲಿ ಕ್ಯಾಚರ್ ಅಂದ್ರೆ ಸುಮ್ನೆ ಬೆಂಚ್ ಕಾಯುವವನು ಅಲ್ವಾ? ಅಂಥವನಿಗೆ ತಂಡಗಳು ದುಡ್ಡು ಕೊಡುವುದೇಕೆ?
– ಓದುಗರು, ದಾವಣಗೆರೆ

ಉತ್ತರ: ನೀವು ಕ್ರಿಕೆಟ್ ಲೆಕ್ಕ ಹಾಕುತ್ತಿದ್ದೀರಿ ಅನ್ನಿಸುತ್ತದೆ. ಬೇಸ್‌ಬಾಲ್‌ನ ಕ್ಯಾಚರ್ ಎಂದರೆ ನಮ್ಮ ವಿಕೆಟ್‌ಕೀಪರ್‌ನಂತೆ ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು. ಕ್ರಿಕೆಟ್‌ನಲ್ಲಿ ಎರಡನೇ ವಿಕೆಟ್‌ಕೀಪರ್ ಮೊದಲನೆಯವನ ಬೆರಳು ಮುರಿಯುವ ತನಕ ನೀರು ಹೊರಬೇಕು. ನಮ್ಮ ಕಿರ್ಮಾನಿಯವರು 1971ರಲ್ಲೇ ತಂಡದ ಜೊತೆ ಇಂಗ್ಲೆಂಡ್‌ಗೆ ಹೋದರು, ಟೆಸ್ಟ್ ಆಡಿದ್ದು 1976ರಲ್ಲಿ. ಅವರಿಗಿಂತ ಮೊದಲ ಸಾಲಿನಲ್ಲಿ ಕೀಪರ್ ಫಾರೂಖ್ ಎಂಜಿನಿಯರ್ ಇದ್ದರಲ್ಲ!

ಬೇಸ್‌ಬಾಲ್‌ನಲ್ಲಿ ಹಾಗಲ್ಲ. ಒಂದು ಸೀಸನ್‌ಗೆ 162 ಪಂದ್ಯ, ಹೆಚ್ಚುಕಡಿಮೆ ದಿನಾ ಆಟ. ಕ್ಯಾಚರ್ ಪ್ರತಿ ಪಂದ್ಯದಲ್ಲೂ ನೂರಕ್ಕಿಂತ ಜಾಸ್ತಿ ಸಲ ಕುಕ್ಕರುಗಾಲಲ್ಲಿ ಕೂರಬೇಕು. ಯಾವ ಮಂಡಿ ತಡೆದೀತು? ಹಾಗಾಗಿ ಎರಡನೆಯವನಿಗೆ ವಾರಕ್ಕೆ ಒಂದೆರಡು ಪಂದ್ಯ ಸಿಕ್ಕೇ ಸಿಗುತ್ತದೆ.

.229 ಅಂದ್ರೆ ಸಾವಿರ ಸಲ ಬ್ಯಾಟಿಗೆ ನಿಂತರೆ 229 ಸಲ ಹೊಡೆತ ಫಲಿಸಿದಂತೆ; ಕಡಿಮೆಯೇ, ಒಪ್ಪೋಣ. ಆದರೆ ಇಂಥವರನ್ನು ಇಟ್ಟುಕೊಳ್ಳುವುದು ಬ್ಯಾಟಿಗಾಗಿ ಅಲ್ಲ, ಚೆಂಡು ಎಸೆಯುವ ಪಿಚರ್‌ಗಾಗಿ. ಯಾವ ಬ್ಯಾಟರ್‌ಗೆ ಯಾವ ಎಸೆತ ಎಂದು ಸನ್ನೆ ಮಾಡುವುದು, ಪಿಚರ್ ಕಂಗಾಲಾದರೆ ಹತ್ತಿರ ಹೋಗಿ ಸಮಾಧಾನ ಹೇಳುವುದು, ಬೇಸ್ ಕದಿಯಲು, ಅಂದರೆ ಹೊಡೆತಕ್ಕೆ ಕಾಯದೆ ಮುಂದಿನ ನಿಲ್ದಾಣಕ್ಕೆ (ಬೇಸ್) ನುಗ್ಗಲು, ಓಡುವವರನ್ನು ಚೆಂಡೆಸೆದು ಔಟ್ ಮಾಡುವುದು ಇವರ ಕೆಲಸ. ಜಾನ್ ಲೆಸ್ಟರ್‌ನನ್ನೇ ನೋಡಿ. ಘಟಾನುಘಟಿ ಪಿಚರ್. ಆದರೆ ಓಟಗಾರನನ್ನು ತಡೆಯಲು ಮೊದಲ ಬೇಸ್‌ಗೆ ಚೆಂಡು ಎಸೆಯಬೇಕೆಂದರೆ ಮಾತ್ರ ಕೈಯೇ ಓಡುತ್ತಿರಲಿಲ್ಲ. ಎದುರಾಳಿಗಳಿಗೂ ಇದು ಗೊತ್ತಿತ್ತು. ಆ ಓಟಗಾರರನ್ನು ನೋಡಿಕೊಳ್ಳುವ ಹೊಣೆ ರಾಸ್‌ನದು. 2013ರಲ್ಲಿ ಬಾಸ್ಟನ್ ರೆಡ್ ಸಾಕ್ಸ್ ತಂಡ ವರ್ಲ್ಡ್ ಸೀರೀಸ್ (ಸೀಸನ್ ಕೊನೆಯ ಫೈನಲ್ ಸರಣಿ) ಗೆದ್ದಾಗ ಇಬ್ಬರೂ ಆ ತಂಡದಲ್ಲಿದ್ದರು. ಲೆಸ್ಟರ್ ಚಿಕಾಗೊ ಕಬ್ಸ್‌ಗೆ ಹೋದ ವರ್ಷವೇ ರಾಸ್‌ನೂ ಅಲ್ಲಿಗೆ ಹೋದ.

ಇನ್ನು 2016ರ ವರ್ಲ್ಡ್ ಸೀರೀಸ್, ಕ್ಲೀವ್‌ಲ್ಯಾಂಡ್ ವಿರುದ್ಧ ಏಳನೇ ಪಂದ್ಯ. ಕಬ್ಸ್ ಕಪ್ ಗೆದ್ದು 108 ವರ್ಷವಾಗಿತ್ತು. ರಾಸ್‌ಗೆ ಆಗ 39, ಅದೇ ಅವನ ಕೊನೆಯ ಪಂದ್ಯ. ಐದನೇ ಇನ್ನಿಂಗ್ಸ್‌ನಲ್ಲಿ ಲೆಸ್ಟರ್ ಜೊತೆ ಒಳಗೆ ಬಂದ. ಬಂದ ಕೂಡಲೇ ರಾಸ್ ಮೊದಲ ಬೇಸ್‌ಗೆ ಎಸೆದ ಚೆಂಡು ಎಲ್ಲೋ ಹೋಯಿತು. ಆಮೇಲೆ ಲೆಸ್ಟರ್‌ನ ಒಂದು ಎಸೆತ ನೆಲಕ್ಕೆ ಬಡಿದು, ರಾಸ್‌ನ ಮುಖವಾಡಕ್ಕೆ ತಾಗಿ ದೂರ ಉರುಳಿತು. ಎದುರಾಳಿಗೆ ಎರಡು ರನ್. ಮುಂದಿನ ಇನ್ನಿಂಗ್ಸ್‌ನಲ್ಲೇ, ಆ ಸೀಸನ್‌ನ ಕೊನೆಯಲ್ಲಿ ಯಾರಿಗೂ ಬಗ್ಗದಿದ್ದ ಕ್ಲೀವ್‌ಲ್ಯಾಂಡ್ ಪಿಚರ್ ಆಂಡ್ರ್ಯೂ ಮಿಲ್ಲರ್ ಎಸೆತಕ್ಕೆ ರಾಸ್ ಹೋಮ್ ರನ್ (ನಮ್ಮ ಸಿಕ್ಸರ್‌ನಂಥದ್ದು) ಹೊಡೆದ! ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯದಲ್ಲಿ ಅಷ್ಟು ವಯಸ್ಸಿನವರು ಯಾರೂ ಅದುವರೆಗೆ ಹೋಮ್ ರನ್ ಹೊಡೆದಿರಲಿಲ್ಲ. ಕಬ್ಸ್ 8-7ರಿಂದ ಗೆದ್ದಿತು. ಹುಡುಗರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು.

ದುಡ್ಡಿನ ಮಾತು: ಕಬ್ಸ್ ಅವನಿಗೆ ಎರಡು ಸೀಸನ್‌ಗೆ 50 ಲಕ್ಷ ಡಾಲರ್ ಕೊಟ್ಟಿತ್ತು. 2020ರಿಂದ ನಾಲ್ಕು ಸೀಸನ್ ಅದೇ ತಂಡಕ್ಕೆ ಮ್ಯಾನೇಜರ್ (ನಮ್ಮ ಮುಖ್ಯ ಕೋಚ್ ಇದ್ದ ಹಾಗೆ) ಕೂಡ ಆದ.
– ಸಂ.