ಸಿನ್ಸಿಟಿನ್-1 ಅಂದ್ರೇನು? ಬಸುರಿಗೂ ವೈರಸ್ಸಿಗೂ ಏನ್ ಸಂಬಂಧ?

ಸಂಬಂಧ ಇದೆ ಮಾರಾಯ್ರೆ, ಅದೂ ಬಹಳ ಹಳೇದು. ನಮ್ಮ 7ನೇ ಕ್ರೋಮೋಸೋಮ್‌ನಲ್ಲಿ ಇಆರ್‌ವಿಡಬ್ಲ್ಯೂ-1 ಅನ್ನೋ ಜೀನ್ ಇದೆ, ಮೂಲತಃ ಅದು ನಮ್ದಲ್ಲ, ಕೋಟ್ಯಂತರ ವರ್ಷದ ಹಿಂದೆ ಒಂದು ರೆಟ್ರೋವೈರಸ್ ನಮ್ಮ ಪೂರ್ವಜರ ಡಿಎನ್‌ಎಗೆ ನುಗ್ಗಿ ಅಲ್ಲೇ ಠಿಕಾಣಿ ಹೂಡಿದ್ದು. ಈ ಜೀನ್‌ನಿಂದ ತಯಾರಾಗೋ ಪ್ರೋಟೀನೇ ಸಿನ್ಸಿಟಿನ್-1, ವೈರಸ್ ಜೀವಕೋಶದ ಒಳಗೆ ಹೋಗೋಕೆ ಬಳಸ್ತಿದ್ದದ್ದು ಇದನ್ನೇ, ಈಗ ಅದು ಪ್ಲಾಸೆಂಟಾದಲ್ಲಿ, ಅಂದ್ರೆ ಅಜ್ಜಿಯರು ಮಾಸು ಅಂತಾರಲ್ಲ ಅದ್ರಲ್ಲಿ, ಅಕ್ಕಪಕ್ಕದ ಜೀವಕೋಶಗಳನ್ನ ಬೆಸೆದು ಒಂದೇ ಪದರ ಮಾಡತ್ತೆ, ಮಧ್ಯದ ಗೋಡೆ ಒಡೆದು ದೊಡ್ಡ ಹಾಲ್ ಮಾಡಿದಂಗೆ. ತಾಯಿ ರಕ್ತದಿಂದ ಆಕ್ಸಿಜನ್, ಪೋಷಕಾಂಶ ಮಗುವಿಗೆ ದಾಟೋದು ಈ ಪದರದಿಂದ್ಲೇ, ಪ್ರೆಗ್ನೆನ್ಸಿ ಕಿಟ್‌ನಲ್ಲಿ ಎರಡನೇ ಗೆರೆ ಮೂಡಿಸೋ ಎಚ್‌ಸಿಜಿ ಹಾರ್ಮೋನೂ ಇಲ್ಲೇ ತಯಾರಾಗೋದು. ಸಿನ್ಸಿಟಿನ್-1ರ ಈ ಬೆಸೆಯೋ ಕೆಲಸದ ಬಗ್ಗೆ 2000ದಲ್ಲಿ ನೇಚರ್ ಅನ್ನೋ ವಿಜ್ಞಾನ ಪತ್ರಿಕೇಲಿ ಬಂದಿತ್ತು. ಬಸುರಿ ಬಿಪಿ ಏರೋ ಪ್ರಿಎಕ್ಲಾಂಪ್ಸಿಯಾದಲ್ಲಿ ಈ ಪ್ರೋಟೀನ್ ಕಮ್ಮಿ ಇರೋದು ಕಂಡಿದೆ, ಆದ್ರೆ ಅದೇ ಕಾರಣ ಅನ್ನೋಕಾಗಲ್ಲ.