ಅಜ್ಜನ ರೇಡಿಯೋ ಪೆಟ್ಟಿಗೆಗೆ ಪಿಯು ಹೊಡೆಸಬಹುದಾ?

ಪ್ರಶ್ನೆ: ನಮ್ಮ ಮನೆಯಲ್ಲಿ ಅಜ್ಜನ ಕಾಲದ ಮರ್ಫಿ ವಾಲ್ವ್ ರೇಡಿಯೋ ಇದೆ. ಪೆಟ್ಟಿಗೆಯ ಮೇಲ್ಭಾಗದ ಪಾಲಿಶ್ ಮೊಸಳೆ ಚರ್ಮದಂತೆ ಬಿರುಕು ಬಿಟ್ಟಿದೆ. ಬಡಗಿ ಪೂರ್ತಿ ಉಜ್ಜಿ ತೆಗೆದು ಪಿಯು (ಪಾಲಿಯುರಿಥೇನ್ ಪಾಲಿಶ್) ಹೊಡೆಯೋಣ ಅನ್ನುತ್ತಿದ್ದಾರೆ. ಮಾಡಿಸಲಾ?

ಉತ್ತರ: ಸ್ವಲ್ಪ ತಡೆಯಿರಿ. ಪಿಯು ಗಟ್ಟಿ, ನಿಜ. ಊಟದ ಮೇಜಿಗೆ ಒಳ್ಳೆಯದು. ಆದರೆ ಹಳೆ ರೇಡಿಯೋ ಮೇಲೆ ಪ್ಲಾಸ್ಟಿಕ್ ಹೊದಿಸಿದ ಹಾಗೆ ಕಾಣುತ್ತದೆ. ಮುಂದೆ ಗೀರು ಬಿದ್ದರೆ ಅಷ್ಟಕ್ಕೇ ತೇಪೆ ಹಾಕುವುದು ಕಷ್ಟ.

ಮೊದಲು ಈಗಿರುವುದು ಏನು ಅಂತ ನೋಡಿ. ಪೆಟ್ಟಿಗೆಯ ತಳದಲ್ಲಿ, ಯಾರಿಗೂ ಕಾಣದ ಕಡೆ, ಹತ್ತಿಗೆ ಸ್ಪಿರಿಟ್ ಹಾಕಿ ಒಂದು ನಿಮಿಷ ಒತ್ತಿ ಹಿಡಿಯಿರಿ. ಅಂಟಂಟಾಗಿ ಕರಗಿದರೆ ಅದು ಅರಗಿನ ಪಾಲಿಶ್. ಇಲ್ಲದಿದ್ದರೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ತೆಳು ಮಾಡುವ ಎನ್‌ಸಿ ಥಿನ್ನರ್ ಹಚ್ಚಿ ನೋಡಿ. ಅದಕ್ಕೆ ಕರಗಿದರೆ ಲ್ಯಾಕರ್, ಅಂದರೆ ಬೇಗ ಆರುವ ಒಂದು ಬಗೆಯ ವಾರ್ನಿಷ್. ಎರಡಕ್ಕೂ ಜಗ್ಗಲಿಲ್ಲ ಅಂದರೆ ಯಾರೋ ಆಮೇಲೆ ಬೇರೆ ಏನನ್ನೋ ಬಳಿದಿದ್ದಾರೆ.

ಆ ಕಾಲದ ಕಾರ್ಖಾನೆ ರೇಡಿಯೋಗಳಲ್ಲಿ ಸಿಗುವುದು ಹೆಚ್ಚಾಗಿ ಲ್ಯಾಕರ್. ಇಲ್ಲೊಂದು ಗುಟ್ಟಿದೆ. ಎಷ್ಟೋ ಪೆಟ್ಟಿಗೆಗಳಲ್ಲಿ ಆ ಕಂದು ಬಣ್ಣ ಮರದ್ದಲ್ಲ, ಲ್ಯಾಕರ್‌ಗೆ ಬೆರೆಸಿ ಸ್ಪ್ರೇ ಮಾಡಿದ್ದು. ಮುಂಭಾಗಕ್ಕೆ ಚೆಂದದ ವೆನಿಯರ್ (ಮೇಲೆ ಅಂಟಿಸುವ ಮರದ ತೆಳು ಹಾಳೆ), ಅಂಚಿಗೆ ಅಗ್ಗದ ಮರ, ಎರಡನ್ನೂ ಒಂದು ಮಾಡಲು ಮೇಲೆ ಬಣ್ಣದ ಲ್ಯಾಕರ್. ಉಜ್ಜಿ ತೆಗೆದಿರೋ, ಬಣ್ಣವೂ ಹೋಯಿತು. ಪೆಟ್ಟಿಗೆ ತೇಪೆ ಹಾಕಿದ ಅಂಗಿಯ ಹಾಗೆ ಕಾಣುತ್ತದೆ.

ವೆನಿಯರ್ ದಪ್ಪವೂ ಸಾಮಾನ್ಯವಾಗಿ ಒಂದು ಮಿಲಿಮೀಟರ್‌ಗಿಂತ ಕಮ್ಮಿ. ನಾನು ಕೈ ಹಾಕಿದ ಮೊದಲ ರೇಡಿಯೋದ ಮೂಲೆಗೆ 120 ನಂಬರ್ ಉಜ್ಜುಕಾಗದವನ್ನು ನಾಲ್ಕೇ ಸಲ ಆಡಿಸಿದ್ದೆ. ಕೆಳಗಿನ ಬಿಳಿ ಮರ ಇಣುಕಿತು! ಅದಕ್ಕೆ ಮಸಿ ಬಳಿದು ಮುಚ್ಚಿದ್ದು ಈಗಲೂ ಗೊತ್ತಾಗುತ್ತದೆ.

ನಿಮ್ಮದು ಲ್ಯಾಕರ್ ಆಗಿದ್ದರೆ, ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಕೊಳೆ ಒರೆಸಿ ಒಣಗಲು ಬಿಡಿ. ಮೆತ್ತನೆ ಬ್ರಷ್‌ನಲ್ಲಿ ಬಿರುಕಿನ ಮೇಲೆ ತೆಳುವಾಗಿ ಥಿನ್ನರ್ ಎಳೆಯಿರಿ. ಹಳೆ ಲ್ಯಾಕರ್ ಕರಗಿ ಬಿರುಕು ತುಂಬಿಕೊಳ್ಳುತ್ತದೆ. ಒಂದೇ ಜಾಗದಲ್ಲಿ ಜಾಸ್ತಿ ಆಡಿಸಬೇಡಿ, ಬಣ್ಣ ಕದಡುತ್ತದೆ. ಆಮೇಲೆ ಎನ್‌ಸಿ ಲ್ಯಾಕರ್ ಎರಡು ಮೂರು ತೆಳು ಪದರ ಸ್ಪ್ರೇ ಮಾಡಿದರೆ ಸಾಕು. ಹೊಸ ಪದರ ಹಳೆಯದನ್ನು ಸ್ವಲ್ಪ ಕರಗಿಸಿ ಅದರಲ್ಲೇ ಸೇರಿಕೊಳ್ಳುತ್ತದೆ.

ಸ್ಪ್ರೇ ಗನ್ ಇಲ್ವಾ? ಫ್ರೆಂಚ್ ಪಾಲಿಶ್ ಮಾಡಿಸಿ. ಚನ್ನಪಟ್ಟಣದ ಬೊಂಬೆಗೆ ಹಚ್ಚುವ ಅರಗೇ ಇದಕ್ಕೂ ಮೂಲ. ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯ ಉಂಡೆಯಲ್ಲಿ ತಿಕ್ಕುವುದು. ಬಿಸಿ ಲೋಟ ಇಟ್ಟರೆ ಬಿಳಿ ಕಲೆ ಬೀಳುತ್ತದೆ ಅನ್ನುವುದೊಂದೇ ತೊಂದರೆ. ರೇಡಿಯೋ ಮೇಲೆ ಕಾಫಿ ಯಾಕೆ ಇಡಬೇಕು, ಅಲ್ವಾ?

ಕೆಲಸಕ್ಕೆ ಮುಂಚೆ ಒಳಗಿನ ಚಾಸಿ (ವಾಲ್ವ್, ತಂತಿ ಕೂರಿಸಿದ ತಗಡಿನ ಚೌಕಟ್ಟು), ಸ್ಪೀಕರ್ ಬಟ್ಟೆ, ಡಯಲ್ ಗಾಜು ಎಲ್ಲ ತೆಗೆಸಿ. ರೇಡಿಯೋ ಬಲ್ಲವರೇ ತೆಗೆಯಲಿ. ಪ್ಲಗ್ ಕಿತ್ತ ಮೇಲೂ ಕೆಪ್ಯಾಸಿಟರ್‌ನಲ್ಲಿ ಕರೆಂಟ್ ಉಳಿದಿರಬಹುದು. ಡಯಲ್ ಗಾಜಿನ ಒಳಮೈಯನ್ನು ಮಾತ್ರ ಒರೆಸಲೇಬೇಡಿ, ಸ್ಟೇಷನ್ ಹೆಸರುಗಳು ಬಟ್ಟೆಗೆ ಬಂದುಬಿಡುತ್ತವೆ.

ಪ್ರಶ್ನೆ: ಆಷಾಢದಲ್ಲಿ ಲ್ಯಾಕರ್ ಹೊಡೆಸಿದೆ. ಪೆಟ್ಟಿಗೆ ಮೇಲೆ ಮಂಜಿನಂತೆ ಬಿಳಿ ಪೊರೆ ಬಂದಿದೆ.

ಉತ್ತರ: ಥಿನ್ನರ್ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಒಳಗೆ ಸಿಕ್ಕಿಕೊಂಡಿದೆ. ಉಜ್ಜಬೇಡಿ. ಬಿಸಿಲು ಬಿದ್ದ ದಿನ ರಿಟಾರ್ಡರ್ (ಆರುವುದನ್ನು ನಿಧಾನ ಮಾಡುವ ದ್ರವ) ಬೆರೆಸಿದ ಥಿನ್ನರನ್ನು ಹಗುರವಾಗಿ ಒಮ್ಮೆ ಸ್ಪ್ರೇ ಮಾಡಿಸಿ. ಸಾಮಾನ್ಯವಾಗಿ ಅಷ್ಟಕ್ಕೇ ಪೊರೆ ಕರಗುತ್ತದೆ.