ಓದುಗರ ಪ್ರಶ್ನೆ: ಟ್ಯಾಕ್ಸಿ ಓಡಿಸಿದವರು ಬಿಲ್ಡರ್ ಆದದ್ದು ಹೇಗೆ?

ಪ್ರಶ್ನೆ: ಮಗಳು ಸಿಡ್ನಿಯಲ್ಲಿ ಮೆರಿಟನ್ ಅನ್ನುವ ಕಂಪನಿಯ ಫ್ಲ್ಯಾಟಿನಲ್ಲಿ ಬಾಡಿಗೆಗಿದ್ದಾಳೆ. ಅದರ ಯಜಮಾನರು ಹೊರದೇಶದಿಂದ ಬಂದು ಟ್ಯಾಕ್ಸಿ ಓಡಿಸಿದವರಂತೆ. ನಂಬಬಹುದಾ ಸಾರ್? ಅವರು ಕಟ್ಟಿದ ಫ್ಲ್ಯಾಟನ್ನೇ ಅವಳು ಕೊಳ್ಳಬಹುದಾ?
– ಓದುಗರೊಬ್ಬರು, ತಿಪಟೂರು

ಉತ್ತರ: ಧಾರಾಳವಾಗಿ ನಂಬಿ. ಅವರು ಹ್ಯಾರಿ ಟ್ರಿಗುಬಾಫ್. ಹುಟ್ಟಿದ್ದು 1933ರಲ್ಲಿ, ಚೀನಾದ ಡಾಲಿಯನ್ ಊರಿನಲ್ಲಿ. ಅಪ್ಪ ಅಮ್ಮ ರಷ್ಯಾ ಮೂಲದ ಯಹೂದಿಗಳು. ಹದಿಹರೆಯದಲ್ಲಿ ಆಸ್ಟ್ರೇಲಿಯಾ ಸೇರಿದರು. ಆಮೇಲೆ ಇಂಗ್ಲೆಂಡಿನ ಲೀಡ್ಸ್‌ಗೆ ಹೋಗಿ ಓದಿದ್ದು ಜವಳಿ ವಿಷಯ! ಇಸ್ರೇಲ್, ದಕ್ಷಿಣ ಆಫ್ರಿಕಾದಲ್ಲಿ ಅದೇ ಕೆಲಸ ಮಾಡಿ, 1960ರಲ್ಲಿ ಸಿಡ್ನಿಗೆ ವಾಪಸ್ ಬಂದರು. ಟ್ಯಾಕ್ಸಿ ಓಡಿಸಿದರು, ಮನೆಮನೆಗೆ ಹಾಲು ಹಾಕುವ ವ್ಯಾಪಾರವನ್ನೂ ಮಾಡಿದರು.

ಕಟ್ಟಡದ ಕೆಲಸಕ್ಕೆ ಕೈ ಹಾಕಿದ್ದು ಸ್ವಂತ ಮನೆಗಾಗಿ. ರೋಸ್‌ವಿಲ್ ಬಡಾವಣೆಯಲ್ಲಿ ಸೈಟು ಕೊಂಡು ಒಬ್ಬ ಕಂಟ್ರಾಕ್ಟರಿಗೆ ಒಪ್ಪಿಸಿದರು. ಕೆಲಸ ಸಾಗಲಿಲ್ಲ. ನಾವಾದರೆ 'ನಾಳೆ ಗಾರೆಯವರು ಬರ್ತಾರೆ ಸಾರ್' ಅನ್ನುವ ಮಾತು ಕೇಳಿಕೊಂಡೇ ಇನ್ನೊಂದು ಮಳೆಗಾಲ ಕಳೆಯುತ್ತೇವೆ, ಅಲ್ವಾ? ಇವರು ಆ ಕಂಟ್ರಾಕ್ಟರನ್ನು ಬಿಡಿಸಿ, ತಾವೇ ಮುಂದೆ ನಿಂತು ಮನೆ ಮುಗಿಸಿದರು. 1963ರಲ್ಲಿ ಟೆಂಪಿಯಲ್ಲಿ 8 ಫ್ಲ್ಯಾಟುಗಳ ಕಟ್ಟಡ. ಮುಂದಿನದು ಗ್ಲೇಡ್ಸ್‌ವಿಲ್‌ನ ಮೆರಿಟನ್ ಬೀದಿಯಲ್ಲಿ, 18 ಫ್ಲ್ಯಾಟು. ಆ ಬೀದಿಯ ಹೆಸರೇ ಕಂಪನಿಗೆ ಬಂತು.

ಎಲ್ಲರೂ ಟ್ಯಾಕ್ಸಿಯ ಕಥೆಯನ್ನೇ ಹೇಳುತ್ತಾರೆ. ಸಿಡ್ನಿಯಲ್ಲಿ ಟ್ಯಾಕ್ಸಿ ಓಡಿಸಿದ ವಲಸಿಗರಿಗೇನು ಕಮ್ಮಿಯೇ? ನನ್ನ ಕಣ್ಣಿಗೆ ದೊಡ್ಡದಾಗಿ ಕಾಣುವುದು 1961ರ ಒಂದು ಕಾನೂನು. ಅದಕ್ಕೂ ಮುಂಚೆ ಅಲ್ಲಿ ಫ್ಲ್ಯಾಟ್ ಕೊಳ್ಳುವುದೆಂದರೆ ಸಾಮಾನ್ಯವಾಗಿ ಇಡೀ ಕಟ್ಟಡದ ಒಡೆತನವಿದ್ದ ಕಂಪನಿಯಲ್ಲಿ ಷೇರು ಕೊಳ್ಳುವುದು. ಅದನ್ನು ನಂಬಿ ಸಾಲ ಕೊಡಲು ಬ್ಯಾಂಕಿನವರು ಹಿಂದೆಮುಂದೆ ನೋಡುತ್ತಿದ್ದರು. ನ್ಯೂ ಸೌತ್ ವೇಲ್ಸ್ ರಾಜ್ಯ ತಂದ ಸ್ಟ್ರಾಟಾ ಕಾನೂನಿನಿಂದ ಪ್ರತಿ ಫ್ಲ್ಯಾಟಿಗೂ ಬೇರೆ ಹಕ್ಕುಪತ್ರ ಬಂತು. ಮಾರಬಹುದು, ಅಡ ಇಡಬಹುದು. ನಮ್ಮ ಕರ್ನಾಟಕದ ಅಪಾರ್ಟ್‌ಮೆಂಟ್ ಕಾಯ್ದೆ 1972ರದ್ದು. ಅಲ್ಲಿ 1961ರ ಕಾನೂನು ಬಂದ ಎರಡೇ ವರ್ಷಕ್ಕೆ ಹ್ಯಾರಿ ಫ್ಲ್ಯಾಟ್ ಕಟ್ಟಲು ಶುರು ಮಾಡಿದ್ದರು!

ಇನ್ನೊಂದು ಜಾಣತನವೂ ಇದೆ. ಜಾಗ ಕೊಳ್ಳುವುದರಿಂದ ಹಿಡಿದು ಕಟ್ಟುವವರೆಗೆ ಎಲ್ಲ ಅವರ ಕಂಪನಿಯದೇ. ಕಟ್ಟಿದ್ದನ್ನೆಲ್ಲ ಮಾರುವುದೂ ಇಲ್ಲ, ಸಾವಿರಾರು ಫ್ಲ್ಯಾಟನ್ನು ಬಾಡಿಗೆಗೆ ಇಟ್ಟುಕೊಂಡರು. 2016ರಲ್ಲಿ ಆಸ್ಟ್ರೇಲಿಯಾದ ಶ್ರೀಮಂತರ ಪಟ್ಟಿಯಲ್ಲಿ ಮೊದಲ ಹೆಸರು ಇವರದೇ.

ಅವರ ಕಟ್ಟಡಗಳೆಲ್ಲ ಒಂದೇ ಥರ ಕಾಣುತ್ತವೆ ಅಂತ ಬೈಯುವವರಿದ್ದಾರೆ. ದೇಶಕ್ಕೆ ಇನ್ನೂ ಜಾಸ್ತಿ ವಲಸಿಗರು ಬರಲಿ ಅಂತ ಅವರು ಬಹಿರಂಗವಾಗಿ ವಾದಿಸಿದ್ದಾರೆ. ಜನ ಬಂದರೆ ಫ್ಲ್ಯಾಟೂ ಬೇಕಲ್ಲ! ಸುಮ್ನೆ ಹೇಳಿದೆ, ಆದರೆ ಸ್ವತಃ ವಲಸೆ ಬಂದವರ ಬಾಯಲ್ಲಿ ಆ ಮಾತು ಬರೀ ವ್ಯಾಪಾರವೂ ಅಲ್ಲ.

ಮಗಳು ಕೊಳ್ಳುವುದಾದರೆ ಬಿಲ್ಡರ್ ಯಾರು ಅಂತಷ್ಟೇ ನೋಡಿ ದುಡ್ಡು ಕೊಡುವುದು ಬೇಡ. ಕಟ್ಟಡದ ಸ್ಟ್ರಾಟಾ ಸಂಘದ, ಅಂದರೆ ಫ್ಲ್ಯಾಟ್ ಮಾಲೀಕರ ಸಂಘದ, ಹಳೆಯ ಮೀಟಿಂಗ್ ನಡಾವಳಿ ತರಿಸಿ ಓದಲಿ. ನೀರು ಸೋರುವ ದೂರು ಎಷ್ಟು ಸಲ ಬಂದಿದೆ, ರಿಪೇರಿಗೆ ಅಂತ ಕೂಡಿಟ್ಟ ದುಡ್ಡು ಎಷ್ಟಿದೆ, ಎರಡೂ ಅದರಲ್ಲಿ ಸಿಗುತ್ತವೆ.